ಗೀಟು ಕಾಣದ ಕಡೆ

ಮಹಾಲಿಂಗಪುರದ ಹೊರಗೆ, ಗಾಣದ ಮನೆಯ ಕಟ್ಟೆಯ ಮೇಲೆ
ಲ್ಯಾಪ್‌ಟಾಪ್ ತೊಡೆಗಿಟ್ಟು ಕೂತಿದ್ದೇನೆ.
ಊರೊಳಗೆ ಕರೆಂಟಿಲ್ಲ. ಇಲ್ಲಿ ಡೀಸೆಲ್ ಎಂಜಿನ್ನು,
ಅದರ ಡಗ್‌ಡಗ್ಗಿಗೆ ನೇತುಬಿದ್ದ ಒಂದು ಬಲ್ಬು, ಒಂದು ಪ್ಲಗ್ಗು.
ಬೆಳಗ್ಗೆ ಒಂಬತ್ತೂವರೆಗೆ ಎರಡನೇ ವರ್ಷದವರಿಗೆ ಪಾಠ.
ಅದಕ್ಕೂ ಮೊದಲು ಈ ಉಂಗುರ.

ಉಂಗುರವೆಂದರೆ ಉರಿಯದು. ನಡುವೆ ಕಪ್ಪು.
ಒಂದೊಂದು ದೇಶದಲ್ಲೊಂದು ತಟ್ಟೆ, ಎಲ್ಲವೂ ಒಂದೇ ರಾತ್ರಿ ಕಿವಿಗೊಟ್ಟು
ಹೊಲಿದ ರೇಡಿಯೋ ಚಿತ್ರ.
ಅದರ ಮೇಲೆ ನಾನೆಳೆದ ಸಣ್ಣ ಸಣ್ಣ ಗೀಟು:
ಬೆಳಕು ಯಾವ ಕಡೆಗೆ ವಾಲಿ ನಡುಗಿತೆಂಬ ಗುರುತು.
ಎಡಗಡೆಯೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆ.
ಕೆಳಗೊಂದು ಕಡೆ ಏನೂ ಇಲ್ಲ.
ಬೋಳು.
ಮೂರು ವಾರದಿಂದ ಅದನ್ನು ಗದ್ದಲವೆಂದು ಅಳಿಸುತ್ತಿದ್ದೇನೆ.

ಎದುರಿಗೆ ಕೊಪ್ಪರಿಗೆ.
ಹಸಿರು ಹಾಲು ಹೊಂಬಣ್ಣಕ್ಕೆ ತಿರುಗಿ ಅರ್ಧ ತಾಸಾಯಿತು.
ದುಂಡಪ್ಪ ಬೆಂಡಿಗಿಡದ ಲೋಳೆ ಸುರಿದು ಕೊಳೆ ತೆಗೆದ,
ಉದ್ದನೆ ಹುಟ್ಟಿನಿಂದ ಒಮ್ಮೆ ಎಳೆದ, ನಿಂತ.
ಕಬ್ಬಿನ ಸಿಪ್ಪೆ ಸೀಳಿ ನಾಲ್ಕು ಎಳೆ ಮೇಲೆ ಉದುರಿಸಿದ.
ಅವು ಹರಿವಿಗೆ ತಲೆ ಕೊಟ್ಟು ಸಾಲಾದವು, ಒಂದು ಕಡೆ ಬಿಟ್ಟು.
ಅಲ್ಲಿ ಬಿದ್ದದ್ದು
ತನ್ನ ಸುತ್ತ ತಾನೇ ಗಿರ್ರನೆ ತಿರುಗಿ ಮುಳುಗಿತು.
ಅವನ ಹುಟ್ಟು ಅಲ್ಲಿಗೇ ಹೋಯಿತು.

"ಅಲ್ಲೇ ಯಾಕ?"
"ಎಳಿ ದಿಕ್ಕ ತಪ್ಪಿದಲ್ಲೆ ಕುದಿ ಜೋರ ಇರತೈತಿ, ಅಕ್ಕೋರ.
ನೋಡಲಿಕ್ಕೆ ಅಲ್ಲೇನೂ ಇಲ್ಲ ಅನಸ್ತೈತಿ."

ಅಳಿಸಿದ್ದನ್ನು ಮರಳಿ ತಂದೆ. ಸುಮ್ಮನೆ ನೋಡಿದೆ.
ನೂರು ದಿಕ್ಕು ಒಂದೇ ಚುಕ್ಕೆಯೊಳಗೆ ತುರುಕಿದರೆ
ಒಂದನ್ನೊಂದು ಕಳೆದು ಸೊನ್ನೆ.
ಸೊನ್ನೆಯೆಂದರೆ ಖಾಲಿಯಲ್ಲ. ಸಂತೆ.
ದೂರ ನಿಂತವನಿಗೆ ಒಂದು ಮಾತೂ ತಿಳಿಯದಷ್ಟು ಸಂತೆ.

ಕದಡದ ಅನಿಲ ಬೀಳುವುದಿಲ್ಲ, ಇದು ಪಾಠದ ಮಾತು.
ಕಣ್ಣು ಕಟ್ಟಿದ ಎತ್ತಿನ ಹಾಗೆ
ಅದೇ ದಾರಿ, ಅದೇ ದಾರಿ, ಕೋಟಿ ವರ್ಷ.
ಎಡವಬೇಕು.
ಕಾಂತದ ನೂಲು ಕಾಲಿಗೆ ತೊಡರಿ, ಜಗ್ಗಿ,
ಹೊರಗಿನವನಿಗೆ ತನ್ನ ಓಟ ಕೊಟ್ಟು
ತಾನೊಂದು ಹೆಜ್ಜೆ ಒಳಕ್ಕೆ.
ಬೋರ್ಡಿನ ಮೇಲೆ ಬರೆಯುತ್ತೇನೆ, ಹುಡುಗಿಯರು ಬರೆದುಕೊಳ್ಳುತ್ತಾರೆ,
ನಂಬಿದವರು ಯಾರೆಂದು ಕೇಳಿಲ್ಲ.

ಚಷ್ಮಾದ ಮೇಲೆ ಹಬೆ.
ಸೆರಗಿನಿಂದ ಒರೆಸಿಕೊಳ್ಳುವಾಗ ಹೆದರಿಕೆಯಾಯಿತು:
ನಡುದಾರಿಯ ಮೋಡವೂ ಹೀಗೆ ಗೀಟುಗಳನ್ನು ತಿರುಚುತ್ತದೆ.
ಬೋಳಾದದ್ದು ಕುದಿಯಿಂದಲೋ, ಪರದೆಯಿಂದಲೋ?
ಇನ್ನೊಂದು ತರಂಗದಲ್ಲಿ ನೋಡಬೇಕು. ಅದರ ಅಳತೆ ಇನ್ನೂ ಬಂದಿಲ್ಲ.

ದುಂಡಪ್ಪ ಬಗ್ಗಿ ನೋಡಿದ.
"ಇದ್ಯಾರ ಕೊಪ್ಪರಿಗಿ?"
ಎಷ್ಟು ದೂರವೆಂದು ಹೇಳಿದೆ. ಬೆಳಕು ಹೊರಟಾಗ
ಮನುಷ್ಯನೇ ಇರಲಿಲ್ಲವೆಂದೂ.
ಸ್ವಲ್ಪ ಹೊತ್ತು ಬೀಡಿ ಹುಡುಕಿದ.
"ಹಂಗಾದ್ರ ತಳ ಹತ್ತಿದ್ದು ನಿಮಗ ಗೊತ್ತಾಗೂದ್ರಾಗ
ಬೆಲ್ಲ ಮಾರಿ, ರೊಕ್ಕಾನೂ ತಿಂದಿರತಾರ ಬಿಡ್ರಿ."
ಬೆರಳಿಟ್ಟು ತೋರಿಸಿದ: "ಇಲ್ಲೆ ಮಾತ್ರ ಹದ ಬಂದೈತಿ ನೋಡ್ರಿ."
ಅದು ಪರದೆಗೆ ಸಿಡಿದ ಪಾಕದ ಹನಿ. ನಾನು ಹೇಳಲಿಲ್ಲ.

ಎರಡು ಗಂಟೆಗೆ ಕೊಪ್ಪರಿಗೆ ಇಳಿಯಿತು.
ನಾಲ್ಕು ಜನ ಬಾಗಿಸಿದರು, ಬಂಗಾರ ಹರಿದು
ಕುಣಿಯೊಳಗೆ ಮಂದವಾಗಿ, ಮತ್ತೆ ಮಂದವಾಗಿ
ಯಾವ ಸುಳಿಯೂ ಇಲ್ಲದಂತೆ ಕೂತಿತು.
ಎಂಜಿನ್ನು ನಿಂತಿತು. ಕಿವಿಯೊಳಗೆ ಡಗ್‌ಡಗ್ ನಿಲ್ಲಲಿಲ್ಲ.

ಮನೆಗೆ ಬಂದು ತೆರೆದರೆ ಪರದೆಯ ಮೇಲೊಂದು ಇರುವೆ.
ಹನಿಯನ್ನು ಮುಟ್ಟಿ ಹಿಂದೆ ಸರಿದು,
ಕಪ್ಪಿನ ಅಂಚಿನಲ್ಲಿ ಸುತ್ತುತ್ತಿದೆ,
ಬೋಳು ಜಾಗಕ್ಕೆ ಬಂದಾಗಲೆಲ್ಲ
ಮೀಸೆ ಎತ್ತಿ
ನಿಲ್ಲುತ್ತದೆ.